ನಿಮ್ಮ ಮನೆಯಲ್ಲಿ ಎಷ್ಟು ಒಲೆಗಳಿವೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಮನೆಯಲ್ಲಿ ಎಷ್ಟು ಒಲೆಗಳಿವೆ ಎಂದು ಕೇಳಿದರೆ ಹೆಚ್ಚಿನವರು "ಒಂದೇ, ಗ್ಯಾಸ್" ಎನ್ನುತ್ತೀರಿ. ಬಚ್ಚಲಿನ ಹಂಡೆಯ ಒಲೆಯನ್ನು ಎಣಿಸಿದಿರಾ? ಹಿತ್ತಲಿನಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಯನ್ನು? ಎಣಿಕೆಗೆ ಬಾರದ ಈ ಒಲೆಗಳ ಬಗ್ಗೆಯೇ ಇಂದು ನನ್ನ ಮಾತು.

ಒಲೆಯ ಸುಧಾರಣೆ ನಮ್ಮ ಪಕ್ಕದಲ್ಲೇ ನಡೆದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವನ್ನು ಕಟ್ಟಿದರು. ಅದರ ಕ್ಷೇತ್ರಕಾರ್ಯ ಮಾಗಡಿಗೆ ಹೊಂದಿಕೊಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಮುತ್ತ ನಡೆಯಿತು. ಹಳ್ಳಿಯ ಮನೆಗಳಲ್ಲಿ ಯಾವ ಇಂಧನ ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿದಾಗ ಸೌದೆಯದೇ ಸಿಂಹಪಾಲು. ಅದು ಉರಿಯುತ್ತಿದ್ದುದು ಅಡುಗೆಗೆ, ಸ್ನಾನದ ನೀರಿಗೆ. ಹೊತ್ತು ತರುವ ಕೆಲಸ ಹೆಂಗಸರು, ಮಕ್ಕಳ ತಲೆಯ ಮೇಲೂ ಬಿದ್ದಿತ್ತು.

1980ರ ದಶಕದ ಆರಂಭದಲ್ಲಿ 'ಅಸ್ತ್ರ ಒಲೆ' ಬಂತು. ಮೂರು ಪಾತ್ರೆ ಇಡುವ ಮುಚ್ಚಿದ ಒಲೆ. ಕೆಳಗೆ ಗಾಳಿಯಾಡಲು ಜಾಲರಿ, ಹೊಗೆ ಹೊರಹೋಗಲು ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಶೇ. 10-15ರಷ್ಟು ಮಾತ್ರ ಪಾತ್ರೆಗೆ ಸೇರುತ್ತಿತ್ತು. ಪರೀಕ್ಷೆಯಲ್ಲಿ ಇದು ಶೇ. 40 ದಾಟಿತು.

ಆದರೆ ಪರೀಕ್ಷೆ ಬೇರೆ, ಮನೆ ಬೇರೆ. ಗಾರೆಯವರು ಅಳತೆ ತಪ್ಪಿದರೆ ಒಲೆ ಉರಿಯದು. ಸೌದೆಯನ್ನು ಸಣ್ಣದಾಗಿ ಸೀಳಬೇಕು, ಸೀಳುವವರು ಯಾರು? ಮನೆಯ ದೊಡ್ಡ ಪಾತ್ರೆ ಒಲೆಯ ಬಾಯಿಗೆ ಕೂರದು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಹೊಗೆಯೆಲ್ಲ ಮತ್ತೆ ಒಳಗೇ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಆಮೇಲೆ ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರು ಇಂಥ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಸೇರುವ ಹೊಗೆ ಕಡಿಮೆಯಾಯಿತು. ದುರಸ್ತಿಯಿಲ್ಲದೆ, ಬಳಕೆಯೂ ತಗ್ಗಿ, ನಂತರ ಆ ಲಾಭ ಉಳಿಯಲಿಲ್ಲ. ಒಲೆ ಕೊಟ್ಟವರು ಎಣಿಸಿದ್ದು ಒಲೆಗಳನ್ನು, ಉರಿದ ದಿನಗಳನ್ನಲ್ಲ ಎಂಬುದು ನನ್ನ ದೂರು.

2016ರಲ್ಲಿ ಉಜ್ವಲ, ಮರುವರ್ಷ ರಾಜ್ಯದ ಅನಿಲ ಭಾಗ್ಯ. ಗ್ಯಾಸ್ ಬಂದದ್ದು ದೊಡ್ಡ ಉಪಕಾರ. ಊದುಕೊಳವೆ ಹಿಡಿದು ಕಣ್ಣೊರೆಸಿಕೊಂಡ ನಮ್ಮ ಅಮ್ಮಂದಿರನ್ನು ಕೇಳಿ ನೋಡಿ. ಆದರೆ ಸಿಲಿಂಡರಿಗೆ ಒಂದೇ ಸಲ ಹಣ ಎಣಿಸಬೇಕು. ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿ ಹಿತ್ತಲಲ್ಲೇ ಬಿದ್ದಿರುತ್ತವೆ. ಹಾಗಾಗಿ ಚಹಾ ಗ್ಯಾಸಿನಲ್ಲಿ, ಸ್ನಾನದ ನೀರು ಸೌದೆಯಲ್ಲಿ. ಕನಕಪುರದ ಕಾಡಂಚಿನ ಹಳ್ಳಿಗಳಲ್ಲಿ ಸೌದೆಗೆ ಹೋಗುವುದೆಂದರೆ ಆನೆಯ ಭಯವೂ ಉಂಟು.

ಇನ್ನು ಗೂಡಿನ ಒಲೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡನ್ನು ಕೊಳ್ಳುವ ರೀಲರುಗಳಲ್ಲಿ ನಮ್ಮವರು ಬಹಳ ಮಂದಿ. ಗೂಡಿನ ಅಂಟು ಮೆದುವಾಗಲು ನೀರು ಕುದಿಯಬೇಕು; ಆ ಬಿಸಿನೀರಿನಲ್ಲೇ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಅಡುಗೆಯವಳು ಒಲೆಯ ಮುಂದೆ ಎರಡು ಮೂರು ಗಂಟೆ ಇದ್ದರೆ ಚರಕದವರು ಇಡೀ ದಿನ. ಸೌದೆಯ ಹೊಗೆಯ ಜೊತೆಗೆ ಬೆಂದ ಹುಳುವಿನ ಆವಿ ಬೇರೆ. ತಾಯಿ ಅಲ್ಲಿ ಕೂತರೆ ಮಗುವೂ ಅಲ್ಲೇ. 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು.

ದಾರಿ ಇಲ್ಲದಿಲ್ಲ. 1990ರ ದಶಕದಲ್ಲೇ ಟೆರಿ ಸಂಸ್ಥೆಯವರು ಸೌದೆಯನ್ನು ಮೊದಲು ಅನಿಲವಾಗಿಸಿ ಉರಿಸುವ ರೀಲಿಂಗ್ ಒಲೆಯನ್ನು ರೂಪಿಸಿದರು. ಸೌದೆ ಉಳಿಯಿತು, ಶಾಖ ಒಂದೇ ಹದದಲ್ಲಿದ್ದುದರಿಂದ ನೂಲೂ ಸುಧಾರಿಸಿತು. ಆದರೆ ಒಂದೆರಡು ಚರಕ ಇಟ್ಟುಕೊಂಡವನ ಕೈಗೆ ಅಂಥದ್ದು ಸುಲಭವಾಗಿ ಎಟುಕುವುದಿಲ್ಲ. ಸ್ವಯಂಚಾಲಿತ ಯಂತ್ರವಂತೂ ಅವನ ಕನಸಿಗೂ ದೂರ. ಅಡುಗೆಮನೆಯ ಗ್ಯಾಸಿಗೆ ಯೋಜನೆ ಮಾಡಿದಂತೆ ಚರಕದ ಒಲೆಗೂ ಮಾಡಿ ಎಂದು ನಮ್ಮ ಸಂಘ ಕೇಳಬೇಕು. ಕೇಳಲು ಲೆಕ್ಕ ಬೇಕು.

ವಿದ್ಯಾರ್ಥಿಗಳೇ, ಆ ಲೆಕ್ಕ ನಿಮ್ಮ ಕೆಲಸ. ನಿಮ್ಮ ಬೀದಿಯ ಪ್ರತಿ ಮನೆಯಲ್ಲೂ ಯಾವ ಯಾವ ಒಲೆ ಇದೆ, ಏನು ಉರಿಯುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಅದರ ಮುಂದೆ ಯಾರು ಎಷ್ಟು ಹೊತ್ತು ಕೂರುತ್ತಾರೆ ಎಂದು ಬರೆದು ತನ್ನಿ. ಅಮ್ಮಂದಿರನ್ನೇ ಕೇಳಿ ಬರೆಯಿರಿ. ಅಪ್ಪಂದಿರನ್ನು ಕೇಳಿದರೆ "ಒಂದೇ, ಗ್ಯಾಸ್" ಎಂದುಬಿಟ್ಟಾರು.