ಅಕ್ಕನ ಗುಳಿಗೆ

ಹಿಂಜವಡಿಯ ನಮ್ಮ ಆಫೀಸಿನ ಏಸಿ ಮೀಟಿಂಗ್ ರೂಮಿನಲ್ಲಿ ಎಲ್ಲರೂ ಜಾಕೆಟ್ ಹಾಕ್ಕೊಂಡು ಕೂತಿದ್ರೆ, ನಾನೊಬ್ಬಳೇ ಬೆವರಿನಲ್ಲಿ ತೊಯ್ದು ಹೋಗ್ತಿದ್ದೆ. ಆಗ ನನಗೆ 49. ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಕಾಲ್‌ನಲ್ಲಿ ಹೇಳಬೇಕಾದ ಮಾತೇ ಮರೆತು ಹೋಗೋದು.

ಧಾರವಾಡಕ್ಕೆ ಹೋದಾಗ ಅಕ್ಕನ ಹತ್ರ ಹೇಳ್ಕೊಂಡೆ. "ನನಗೂ ಹಿಂಗ ಆಗ್ತಿತ್ತವಾ, ಈ ಗುಳಿಗಿ ತಗೊಂಡ ಮ್ಯಾಲೆ ಆರಾಮ ಆತು" ಅಂದಳು. ಅದು ಈಸ್ಟ್ರೋಜನ್. ಪುಣೆಗೆ ಬಂದು, ಡಾಕ್ಟರನ್ನ ಕೇಳದೆ ಅದನ್ನೇ ಕೊಂಡೆ. ಬೆವರು ಕಡಿಮೆ ಆಯ್ತು, ನಿದ್ದೆ ಬಂತು. ಐದು ತಿಂಗಳಾದ ಮೇಲೆ ರಕ್ತಸ್ರಾವ ಶುರುವಾಯ್ತು.

ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಅಕ್ಕನಿಗೆ ಗರ್ಭಕೋಶ ಇದೆಯಾ?" ಇರಲಿಲ್ಲ. ಆಪರೇಷನ್ ಮಾಡಿ ತೆಗೆದಿದ್ರು. ನನಗೆ ಇತ್ತು.

ವಿಷಯ ಇಷ್ಟೇ. ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಪ್ರೊಜೆಸ್ಟರಾನ್ ಅದನ್ನು ತಡೆಯುತ್ತೆ. ಅದಕ್ಕೇ ಗರ್ಭಕೋಶ ಇರುವವರಿಗೆ ಎರಡೂ ಒಟ್ಟಿಗೆ ಬೇಕು.

ಸ್ಕ್ಯಾನ್ ಆಯ್ತು, ಬಯಾಪ್ಸಿ ಆಯ್ತು. ರಿಪೋರ್ಟ್ ಬರೋವರೆಗೆ ಮನೇಲಿ ಯಾರಿಗೂ ಹೇಳಲಿಲ್ಲ. ಪದರ ದಪ್ಪ ಆಗಿತ್ತು, ಪುಣ್ಯಕ್ಕೆ ಕ್ಯಾನ್ಸರ್ ಇರಲಿಲ್ಲ.

ಆಮೇಲೆ ಡಾಕ್ಟರ್ ಎರಡೂ ಹಾರ್ಮೋನ್ ಬರೆದಾಗ ನಮ್ಮೆಜಮಾನರು ನೆಟ್‌ನಲ್ಲಿ ಓದಿ ಹೆದರಿದ್ರು. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಲ್ಲಿ ಈ ಜೋಡಿ ಔಷಧಿಯ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಲೆಕ್ಕ ನೋಡಿ: ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಔಷಧಿ ಇಲ್ಲದವರಲ್ಲಿ 30, ತಗೊಂಡವರಲ್ಲಿ 38. ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟೋದೂ ಸ್ವಲ್ಪ ಜಾಸ್ತಿ. ಸೊಂಟದ ಮೂಳೆ ಮುರಿತ ಕಡಿಮೆ. ಆದರೆ ಅವರ ಸರಾಸರಿ ವಯಸ್ಸು 63. ಅರವತ್ತರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ಆಗಿರದ, ತೊಂದರೆ ಜಾಸ್ತಿ ಇರುವವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಅಂತಾರೆ ಈಗ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ ಸಾಮಾನ್ಯವಾಗಿ ಕೊಡೋದಿಲ್ಲ.

ನಾನೀಗ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್, ರಾತ್ರಿ ಪ್ರೊಜೆಸ್ಟರಾನ್ ತಗೋತೀನಿ. ವರ್ಷಕ್ಕೊಮ್ಮೆ ಡಾಕ್ಟರ್ ಹತ್ರ ಕೂತು, ಮುಂದುವರಿಸಬೇಕಾ ಅಂತ ಕೇಳ್ತೀನಿ.

ಮುಟ್ಟು ನಿಂತು ವರ್ಷ ಆದಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ ತೋರಿಸಿ. ಊರಿಂದ ಬರುವಾಗ ಅಕ್ಕನ ಮನೆಯ ಶೇಂಗಾ ಹಿಂಡಿ ಕಟ್ಟಿಸ್ಕೊಂಡು ಬನ್ನಿ; ಗುಳಿಗೆ ಬೇಡ.