ಅಪಸ್ಮಾರದ ಐದು ನಿಮಿಷಗಳು: ನೆರೆದವರ ಕರ್ತವ್ಯ

(ಶ್ರೀಮಠದ ಶಾಖೆಯಲ್ಲಿ ಆರಾಧನಾ ಮಹೋತ್ಸವದ ಅಂಗವಾಗಿ ನಡೆದ ಉಪನ್ಯಾಸದ ಪಾಠ)



ಸ್ಮೃತಿಯು ತಪ್ಪಿಹೋಗುವ ವ್ಯಾಧಿಯಾದುದರಿಂದ ಇದಕ್ಕೆ ಅಪಸ್ಮಾರವೆಂಬ ಹೆಸರು ಬಂದಿತು. ಚರಕಸಂಹಿತೆಯಲ್ಲಿ ಇದರ ನಿದಾನ ಹಾಗೂ ಚಿಕಿತ್ಸೆಗಳಿಗೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಗ್ರೀಸ್ ದೇಶದ ಹಿಪೊಕ್ರೆಟಿಸನ ಪರಂಪರೆಯ ವೈದ್ಯರೂ ಕ್ರಿಸ್ತಪೂರ್ವ 400ರ ಸುಮಾರಿಗೆ, ಇದು ದೇವತೆಗಳ ಕೋಪವಲ್ಲ, ಮೆದುಳಿನ ವ್ಯಾಧಿ ಎಂದು ಬರೆದರು. ಆಡುಮಾತಿನಲ್ಲಿ ಮೂರ್ಛೆರೋಗ, ಫಿಟ್ಸ್ ಎನ್ನುವುದೂ ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿ ಇದೆ. ಸರಿಯಾದ ಔಷಧ ದೊರೆತರೆ ಅವರಲ್ಲಿ ನೂರಕ್ಕೆ 70 ಮಂದಿಯವರೆಗೆ ಸೆಳೆತವಿಲ್ಲದೆ ಬಾಳಬಲ್ಲರು. ಆದರೆ ಸೆಳೆತ ಬಂದ ಆ ಕ್ಷಣದಲ್ಲಿ ವೈದ್ಯರು ಹತ್ತಿರದಲ್ಲಿರುವುದಿಲ್ಲ. ಇರುವವರು ಮನೆಯವರು, ಸಹಪ್ರಯಾಣಿಕರು, ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು. ರೋಗಿಯ ಕ್ಷೇಮವು ಅವರ ತಿಳಿವಳಿಕೆಯನ್ನು ಅವಲಂಬಿಸಿದೆ.

ಮೆದುಳಿನ ಜೀವಕೋಶಗಳು ಸೂಕ್ಷ್ಮವಾದ ವಿದ್ಯುತ್ ಸಂದೇಶಗಳಿಂದ ಪರಸ್ಪರ ವ್ಯವಹರಿಸುತ್ತವೆ. ರೈಲು ನಿಲ್ದಾಣದಲ್ಲಿ ಪ್ರತಿಯೊಂದು ಸಿಗ್ನಲ್ಲೂ ತನ್ನ ಸರದಿಯಲ್ಲಿ ಬೀಳುವಂತೆ ಅಲ್ಲಿಯೂ ಒಂದು ಕ್ರಮವಿದೆ. ಎಲ್ಲ ಸಿಗ್ನಲ್‌ಗಳೂ ಒಮ್ಮೆಲೇ ಬಿದ್ದರೆ ಗಾಡಿಗಳ ಗತಿ ಏನಾದೀತೋ, ಅಂತಹ ಗೊಂದಲವೇ ಸೆಳೆತ. ದೇಹ ಮೊದಲು ಬಿರುಸಾಗುತ್ತದೆ. ಬಳಿಕ ಕೈಕಾಲುಗಳು ಅದುರುತ್ತವೆ. ಬಾಯಲ್ಲಿ ನೊರೆ ಬರಬಹುದು. ಮುಖ ಕೊಂಚ ಕಾಲ ನೀಲಿಗಟ್ಟಬಹುದು. ನೋಡುವವರಿಗೆ ಭಯವಾಗುವುದು ಸಹಜ. ಆದರೂ ಹೆಚ್ಚಿನ ಸೆಳೆತಗಳು ಒಂದರಿಂದ ಮೂರು ನಿಮಿಷಗಳೊಳಗೆ ತಾವಾಗಿಯೇ ನಿಲ್ಲುತ್ತವೆ. ಅಲ್ಲಿಯವರೆಗೆ ರೋಗಿಗೆ ಅಪಾಯವಾಗದಂತೆ ಕಾಯುವುದೇ ಪ್ರಥಮ ಚಿಕಿತ್ಸೆಯ ಸಾರ.

ಮೊದಲನೆಯದಾಗಿ, ಗಡಿಯಾರವನ್ನು ನೋಡಬೇಕು. ಗಾಬರಿಯಲ್ಲಿ ಒಂದು ನಿಮಿಷವೂ ಹತ್ತು ನಿಮಿಷವಾಗಿ ತೋರುವುದರಿಂದ ಊಹೆ ಸಲ್ಲದು. ಎರಡನೆಯದಾಗಿ, ಉರಿಯುವ ದೀಪ, ಬಿಸಿ ಸಾರಿನ ಪಾತ್ರೆ, ಚೂಪಾದ ವಸ್ತುಗಳನ್ನು ದೂರ ಸರಿಸಬೇಕು. ಅಪಾಯದ ಸ್ಥಳವಲ್ಲದಿದ್ದರೆ ರೋಗಿಯನ್ನು ಎತ್ತಿ ಒಯ್ಯಬಾರದು. ಮೂರನೆಯದಾಗಿ, ಶಲ್ಯವನ್ನೋ ಟವೆಲನ್ನೋ ಮಡಿಸಿ ತಲೆಯ ಕೆಳಗಿಡಬೇಕು. ಕನ್ನಡಕವನ್ನು ತೆಗೆದು, ಕೊರಳಿನ ಗುಂಡಿಯನ್ನೂ ಸೊಂಟದ ಬಿಗಿಯನ್ನೂ ಸಡಿಲಿಸಬೇಕು. ನಾಲ್ಕನೆಯದಾಗಿ, ಸಾಧ್ಯವಾದೊಡನೆ ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಅಂಗಾತ ಮಲಗಿದ್ದರೆ ನಾಲಗೆ ಹಿಂದಕ್ಕೆ ಜಾರಿ, ಜೊಲ್ಲೂ ವಾಂತಿಯೂ ಶ್ವಾಸನಾಳವನ್ನು ಸೇರಬಹುದು. ಮಗ್ಗುಲಾದರೆ ಅವು ಹೊರಗೆ ಹರಿದುಹೋಗುತ್ತವೆ. ಐದನೆಯದಾಗಿ, ಗುಂಪನ್ನು ಸರಿಸಿ, ಪೂರ್ಣ ಎಚ್ಚರವಾಗುವವರೆಗೆ ಒಬ್ಬರು ಪಕ್ಕದಲ್ಲಿರಬೇಕು.

ಮಾಡಬಾರದವುಗಳನ್ನು ಅರಿಯುವುದೂ ಅಷ್ಟೇ ಮುಖ್ಯ. ನಾಲಗೆಯನ್ನು ನುಂಗಿಬಿಡುವರೆಂಬ ಭಯದಿಂದ ಬಾಯಿಗೆ ಚಮಚವನ್ನೋ ಬೆರಳನ್ನೋ ತುರುಕುವ ರೂಢಿಯಿದೆ. ನಾಲಗೆಯನ್ನು ನುಂಗುವುದು ಅಸಾಧ್ಯ. ಹಲ್ಲು ಮುರಿದು ಶ್ವಾಸನಾಳಕ್ಕೆ ಬೀಳುವುದು, ಸಹಾಯಕ್ಕೆ ಬಂದವರ ಬೆರಳು ತುಂಡಾಗುವುದು ಮಾತ್ರ ಸಾಧ್ಯ. ಕೈಕಾಲುಗಳನ್ನು ಒತ್ತಿ ಹಿಡಿದರೆ ಸೆಳೆತ ನಿಲ್ಲದು. ಭುಜದ ಕೀಲು ತಪ್ಪಬಹುದು, ಮೂಳೆ ಮುರಿಯಬಹುದು. ಇನ್ನು ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಚಪ್ಪಲಿಯನ್ನೋ ಈರುಳ್ಳಿಯನ್ನೋ ಮೂಸಿಸುವುದು. ಸೆಳೆತವು ಎರಡು ನಿಮಿಷದಲ್ಲಿ ತಾನಾಗಿ ನಿಂತಿತು. ಅಷ್ಟರೊಳಗೆ ಯಾರೋ ಬೀಗದಕೈ ತಂದು ಹಿಡಿಸಿದ್ದರು. ಕೀರ್ತಿ ಬೀಗದಕೈಗೆ ಸಂದಿತು. ಈ ನಂಬಿಕೆಯ ಮೂಲ ಇಷ್ಟೇ.

ಭಕ್ತಿಯಿಂದ ತೀರ್ಥವನ್ನು ಬಾಯಿಗೆ ಹಾಕುವವರೂ ಉಂಟು. ಎಚ್ಚರವಿಲ್ಲದವರಿಗೆ ನುಂಗುವ ಶಕ್ತಿಯಿರುವುದಿಲ್ಲ. ಒಂದು ಉದ್ಧರಣೆಯ ನೀರೂ ಶ್ವಾಸಕೋಶವನ್ನು ಸೇರಬಹುದು. ತೀರ್ಥ, ನೀರು, ಮಾತ್ರೆ ಎಲ್ಲವೂ ಪೂರ್ಣ ಎಚ್ಚರವಾದ ಮೇಲೆಯೇ. ಹಾಗೆಯೇ ಮಡಿಯಲ್ಲಿರುವೆವೆಂದು ಮುಟ್ಟಲು ಹಿಂಜರಿಯಲಾಗದು. ಮತ್ತೊಮ್ಮೆ ಸ್ನಾನ ಮಾಡಿ ಮಡಿಯುಡಬಹುದು. ಉಸಿರು ಕಟ್ಟಿದ ಜೀವವನ್ನು ಮರಳಿ ಪಡೆಯಲಾಗದು. ಪುಷ್ಕರಿಣಿಯಲ್ಲೋ ನದಿಯಲ್ಲೋ ಸೆಳೆತ ಬಂದರೆ ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿದಿರಬೇಕು. ದಡಕ್ಕೆ ತಂದ ಮೇಲೆ ಚೇತರಿಸಿದಂತೆ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು.

ಐದು ನಿಮಿಷಗಳೇ ಗಡಿಯೆನ್ನಲು ಕಾರಣವಿದೆ. ಅಷ್ಟು ಹೊತ್ತು ಮುಂದುವರಿದ ಸೆಳೆತವು ತಾನಾಗಿ ನಿಲ್ಲುವ ಸಂಭವ ಕಡಿಮೆ. ಅರ್ಧ ಗಂಟೆ ಮೀರಿದರೆ ಮೆದುಳಿಗೇ ಶಾಶ್ವತ ಹಾನಿಯಾಗಬಹುದು. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2015ರಲ್ಲಿ ಈ ಎರಡು ಗಡಿಗಳನ್ನು ಸ್ಪಷ್ಟಪಡಿಸಿತು. ಆದುದರಿಂದ ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಂದು ಸೆಳೆತ ಬಂದರೆ, ಅದು ಜೀವನದಲ್ಲಿ ಮೊದಲನೆಯದಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ರೋಗಿಯು ಗರ್ಭಿಣಿಯೋ ಮಧುಮೇಹಿಯೋ ಆಗಿದ್ದರೆ, ತಡಮಾಡದೆ 112ಕ್ಕೆ, ಹಲವು ರಾಜ್ಯಗಳಲ್ಲಿರುವಂತೆ 108ಕ್ಕೆ ಕರೆಮಾಡಬೇಕು. ಅದುರುವಿಕೆ ನಿಂತ ಮೇಲೂ ಸಹಜ ಉಸಿರಾಟ ಮರಳದಿದ್ದರೆ ನಿಮಿಷಕ್ಕೆ 100ರಿಂದ 120ರಂತೆ ಎದೆಯೊತ್ತುವಿಕೆಯನ್ನು ಆರಂಭಿಸಬೇಕು.

ರೈಲಿನಲ್ಲಿಯಾದರೆ ರೋಗಿಯನ್ನು ಬಾಗಿಲಿನಿಂದ ದೂರವಿರಿಸಿ, 139ಕ್ಕೂ ಟಿಕೆಟ್ ಪರೀಕ್ಷಕರಿಗೂ ಗಾಡಿಯ ಸಂಖ್ಯೆ, ಬೋಗಿ, ಮುಂದಿನ ನಿಲ್ದಾಣಗಳನ್ನು ತಿಳಿಸಬೇಕು. ಎರಡು ನಿಲ್ದಾಣಗಳ ನಡುವೆ ಸರಪಳಿ ಎಳೆದರೆ ಗಾಡಿ ನಿಲ್ಲುವುದು ವೈದ್ಯರಿಲ್ಲದ ಬಯಲಿನಲ್ಲಿ. ನೆರವು ದೊರೆಯುವುದು ನಿಲ್ದಾಣದಲ್ಲಿ.

ಎಲ್ಲ ಸೆಳೆತಗಳಲ್ಲಿಯೂ ರೋಗಿ ನೆಲಕ್ಕೆ ಬೀಳುವುದಿಲ್ಲ. ಕೆಲವು ಮಕ್ಕಳು ಪಾಠದ ನಡುವೆ ಕೆಲವೇ ಸೆಕೆಂಡು ದಿಟ್ಟಿಸಿ ನಿಂತುಬಿಡುತ್ತಾರೆ; ಅದನ್ನು ಅಲಕ್ಷ್ಯವೆಂದು ಗದರಿಸದೆ ವೈದ್ಯರಿಗೆ ತೋರಿಸಬೇಕು. ಕೆಲವರು ತುಟಿ ಚಪ್ಪರಿಸುತ್ತ ಗುರಿಯಿಲ್ಲದೆ ನಡೆದಾಡುತ್ತಾರೆ. ಅವರನ್ನು ತಡೆದು ಹಿಡಿಯದೆ, ಮೆಟ್ಟಿಲು ರಸ್ತೆಗಳಿಂದ ಮೃದುವಾಗಿ ಆಚೆ ಕರೆದೊಯ್ಯಬೇಕು.

ಮಾತ್ರೆ ತಪ್ಪುವುದು ಹಾಗೂ ನಿದ್ರೆಗೆಡುವುದು ಸೆಳೆತಕ್ಕೆ ಪ್ರಬಲ ಕಾರಣಗಳು. ಏಕಾದಶಿಯಂದು ಮಾತ್ರೆಯೂ ನೀರೂ ಬೇಡವೆಂದು ಬಿಟ್ಟು, ರಾತ್ರಿ ಜಾಗರಣೆಯನ್ನೂ ಮಾಡಿದವರಿಗೆ ಎರಡೂ ಒಟ್ಟಿಗೆ ಕೂಡಿಬರುತ್ತವೆ. ರೋಗಿಗಳಿಗೆ, ಮಕ್ಕಳಿಗೆ, ವೃದ್ಧರಿಗೆ ಹಿರಿಯರು ರಿಯಾಯಿತಿ ತೋರುತ್ತಲೇ ಬಂದಿದ್ದಾರೆ. ವೈದ್ಯರೊಡನೆಯೂ ಮನೆಯ ಹಿರಿಯರೊಡನೆಯೂ ಮೊದಲೇ ಮಾತನಾಡಿ ಕ್ರಮವನ್ನು ನಿಶ್ಚಯಿಸಿಕೊಳ್ಳಬೇಕು. ವೈದ್ಯರ ಮಾತಿಲ್ಲದೆ ಔಷಧವನ್ನು ಒಂದು ದಿನವೂ ನಿಲ್ಲಿಸಬಾರದು.

ಕೊನೆಯದಾಗಿ, ಈ ವ್ಯಾಧಿಯನ್ನು ಮುಚ್ಚಿಡುವುದರಿಂದಾಗುವ ಹಾನಿ ದೊಡ್ಡದು. ಕನ್ಯೆಗೆ ಸಂಬಂಧ ಕೂಡಿಬಾರದೆಂದು ಗುಟ್ಟುಮಾಡುತ್ತಾರೆ; ಮದುವೆಯ ನಂತರ ಅವಳು ಮಾತ್ರೆಯನ್ನೂ ಗುಟ್ಟಾಗಿ ನುಂಗಬೇಕಾಗುತ್ತದೆ, ಒಂದು ದಿನ ತಪ್ಪುತ್ತದೆ, ಸೆಳೆತ ಬರುತ್ತದೆ; ಸುತ್ತಲಿನವರಿಗೆ ಏನು ಮಾಡಬೇಕೆಂದು ತಿಳಿದಿರುವುದಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ವಿವಾಹಕ್ಕೆ ಅಡ್ಡಿಯೆಂದು ಹಿಂದೆ ಸೇರಿಸಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿಯು ತೆಗೆದುಹಾಕಿತು. ಕಾನೂನು ಬಿಟ್ಟ ಶಂಕೆಯನ್ನು ಸಮಾಜವೂ ಬಿಡಬೇಕು. ಸತ್ಯವನ್ನು ಮೊದಲೇ ತಿಳಿಸಿ ಬೆಸೆದ ಸಂಬಂಧವೇ ಭದ್ರವಾದುದು.

ಸೆಳೆತ ಕಳೆದು ಕಣ್ಣು ತೆರೆದವರಿಗೆ ನಡೆದುದು ನೆನಪಿರುವುದಿಲ್ಲ. ನಾಚಿಕೆಯೂ ಆಯಾಸವೂ ಇರುತ್ತವೆ. ಬಟ್ಟೆ ಒದ್ದೆಯಾಗಿದ್ದರೆ ಹೊದಿಸಿ, ಎಲ್ಲಿರುವರೆಂಬುದನ್ನು ಮೆಲುದನಿಯಲ್ಲಿ ತಿಳಿಸಿ, ವಿಶ್ರಾಂತಿಗೆ ಎಡೆಮಾಡಿಕೊಡಬೇಕು. ಮಠದ ಸ್ವಯಂಸೇವಕರೂ ಪ್ರತಿ ಮನೆಯ ಒಬ್ಬರಾದರೂ ಇಷ್ಟನ್ನು ಕಲಿತಿದ್ದರೆ, ಅದೂ ಭಗವಂತನಿಗೆ ಪ್ರಿಯವಾದ ಸೇವೆಯೇ ಸರಿ.

ಶ್ರೀಕೃಷ್ಣಾರ್ಪಣಮಸ್ತು.