ದೆವ್ವದ ಕಥೆ, ಮೇಣದ ಬತ್ತಿ, ನೆನಪಿನ ಪುಟ



ಯಾವುದೇ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ನೋಡಿ. ಕಥೆ ಕಾದಂಬರಿಗಳಿಗೆ ಒಂದು ಬೀರು, ವಿಜ್ಞಾನಕ್ಕೆ ಇನ್ನೊಂದು, ಆತ್ಮಕಥೆಗಳಿಗೆ ಮತ್ತೊಂದು. ಪುಸ್ತಕ ಹುಡುಕಲು ಈ ವಿಂಗಡಣೆ ಅನುಕೂಲ, ಸಂದೇಹವಿಲ್ಲ. ಆದರೆ ಓದುಗರೂ ಹೀಗೆಯೇ ವಿಂಗಡಣೆಯಾಗಿಬಿಟ್ಟಿದ್ದಾರೆ. ವಿಜ್ಞಾನದ ವಿದ್ಯಾರ್ಥಿ ಕಾದಂಬರಿಯ ಬೀರುವಿನ ಹತ್ತಿರ ಸುಳಿಯುವುದಿಲ್ಲ. ಕಲಾ ವಿಭಾಗದವರಿಗೆ ವಿಜ್ಞಾನದ ಬೀರು ದೂರ. ದೆವ್ವದ ಕಥೆ ಓದುವವರನ್ನಂತೂ ಇಬ್ಬರೂ ಹಗುರವಾಗಿ ಕಾಣುತ್ತಾರೆ. ಆತ್ಮಕಥೆ ಎಂದರೆ ನಿವೃತ್ತಿಯ ನಂತರದ ಓದು ಎಂಬ ಭಾವನೆಯೂ ಇದೆ.

ಈ ಮೂರು ಬೀರುಗಳ ಪುಸ್ತಕಗಳನ್ನು ಜೊತೆಜೊತೆಯಾಗಿ ಏಕೆ ಓದಬೇಕು ಎಂಬುದೇ ಇಂದಿನ ಮಾತು. ಪ್ರತಿಯೊಂದು ಬಗೆಯ ಪುಸ್ತಕವೂ ನಮ್ಮಿಂದ ಬೇರೆ ಬೇರೆ ರೀತಿಯ ನಂಬಿಕೆಯನ್ನು ಕೇಳುತ್ತದೆ. ಅದನ್ನು ಗುರುತಿಸಲು ಕಲಿತವನು ಸುಲಭವಾಗಿ ಮೋಸಹೋಗುವುದಿಲ್ಲ. ಒಂದೇ ಬೀರುವಿನ ಮುಂದೆ ನಿಂತವನಿಗೆ ಆ ಅಭ್ಯಾಸ ಬರುವುದು ಕಷ್ಟ.

ಮೊದಲು ದೆವ್ವದ ಕಥೆಯಿಂದಲೇ ಆರಂಭಿಸೋಣ.

1815ರ ಏಪ್ರಿಲ್ ತಿಂಗಳಲ್ಲಿ ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತು. ಅದು ಉಗುಳಿದ ಗಂಧಕದ ಅನಿಲದಿಂದ ಉಂಟಾದ ಸೂಕ್ಷ್ಮ ಕಣಗಳು ವಾತಾವರಣದ ಮೇಲ್ಪದರದಲ್ಲಿ ಹರಡಿ ಸೂರ್ಯನ ಬಿಸಿಲನ್ನು ತಡೆದವು. ಮರುವರ್ಷ, ಅಂದರೆ 1816ರಲ್ಲಿ, ಯೂರೋಪಿಗೆ ಬೇಸಿಗೆಯೇ ಸರಿಯಾಗಿ ಬರಲಿಲ್ಲ. ಆ ಮಳೆ ಚಳಿಯಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಕೆಲವು ಇಂಗ್ಲಿಷ್ ಪ್ರವಾಸಿಗರು ಸೇರುತ್ತಿದ್ದರು. ಕವಿ ಬೈರನ್, ಕವಿ ಶೆಲ್ಲಿ, ಬೈರನ್ನನ ವೈದ್ಯ ಪಾಲಿಡೋರಿ, ಮತ್ತು ಮುಂದೆ ಶೆಲ್ಲಿಯ ಪತ್ನಿಯಾದ ಮೇರಿ ಅವರಲ್ಲಿದ್ದರು. ಹೊರಗೆ ಹೋಗುವಂತಿಲ್ಲ. ಕಾಲ ಕಳೆಯಲು ದೆವ್ವದ ಕಥೆಗಳನ್ನು ಓದಿದರು. ಬೈರನ್ ಒಂದು ಸಲಹೆ ಮಾಡಿದ: ಪ್ರತಿಯೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ.

ಆಗ ಮೇರಿಗೆ ಹದಿನೆಂಟು ವರ್ಷ. ನಿಮ್ಮಲ್ಲಿ ಹಲವರ ವಯಸ್ಸು. ಆಕೆ ಬರೆದ ‘ಫ್ರಾಂಕೆನ್‌ಸ್ಟೈನ್’ 1818ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಮೊದಲು ಅಚ್ಚಾದದ್ದು 500 ಪ್ರತಿಗಳು ಮಾತ್ರ. ಅದೇ ಸ್ಪರ್ಧೆಯ ಫಲವಾಗಿ ಪಾಲಿಡೋರಿ ಬರೆದ ರಕ್ತಪಿಶಾಚಿಯ ಕಥೆ 1819ರಲ್ಲಿ ಹೊರಬಂತು. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಆ ಪರಂಪರೆಗೇ ಸೇರಿದ್ದು.

ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಆ ಜೀವಿಯನ್ನು ಸೃಷ್ಟಿಸಿದ ಯುವಕನ ಹೆಸರು. ಜೀವಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಆತ ವಿಜ್ಞಾನದ ವಿದ್ಯಾರ್ಥಿ. ತಾನು ಜೀವ ತುಂಬಿದ ದೇಹವನ್ನು ಕಂಡು ಹೆದರಿ, ಅದರ ಹೊಣೆ ಹೊರದೆ ಓಡಿಹೋಗುತ್ತಾನೆ. ಅನಾಹುತವೆಲ್ಲ ಅಲ್ಲಿಂದ ಆರಂಭ. ಈ ಕಲ್ಪನೆ ಮೇರಿಗೆ ಶೂನ್ಯದಿಂದ ಬಂದದ್ದಲ್ಲ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುತ್ತದೆ ಎಂದು ಇಟಲಿಯ ಗಾಲ್ವನಿ 1791ರಲ್ಲೇ ಪ್ರಕಟಿಸಿದ್ದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಕೈದಿಯೊಬ್ಬನ ಶವಕ್ಕೆ ವಿದ್ಯುತ್ ಹಾಯಿಸಿ, ಅದರ ಮುಖದ ಸ್ನಾಯುಗಳು ಸೆಟೆದುಕೊಳ್ಳುವುದನ್ನು ತೋರಿಸಿದ್ದ. ಅಷ್ಟೇ ಅಲ್ಲ, ಕಾದಂಬರಿ ಬರೆಯುತ್ತಿದ್ದ 1816ರಲ್ಲಿ ಹಂಫ್ರಿ ಡೇವಿ ಎಂಬ ಪ್ರಸಿದ್ಧ ರಸಾಯನವಿಜ್ಞಾನಿಯ ಪುಸ್ತಕವನ್ನು ಮೇರಿ ಓದಿದಳೆಂಬುದು ಆಕೆಯ ದಿನಚರಿಯಲ್ಲಿದೆ. ಡೇವಿಯ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ.

ದೆವ್ವದ ಕಥೆ ನಮ್ಮಿಂದ ಯಾವ ನಂಬಿಕೆಯನ್ನು ಕೇಳುತ್ತದೆ? ಪುಸ್ತಕ ತೆರೆದಿರುವಷ್ಟು ಹೊತ್ತು ಮಾತ್ರ ನಂಬು ಎನ್ನುತ್ತದೆ. ಇದು ಲೇಖಕ ಮತ್ತು ಓದುಗರ ನಡುವಿನ ಒಪ್ಪಂದ. ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಈ ಒಪ್ಪಂದದ ಒಳಗುಟ್ಟು ಚೆನ್ನಾಗಿ ಗೊತ್ತು. ಭಯ ಹುಟ್ಟಿಸುವ ದೃಶ್ಯವೊಂದು ಬರುವಾಗ ಟಿ.ವಿ.ಯ ಧ್ವನಿಯನ್ನು ಪೂರ್ತಿ ನಿಲ್ಲಿಸಿ ನೋಡಿ. ಬಾಗಿಲು ತೆರೆಯುತ್ತದೆ, ಬಿಳಿ ಬಟ್ಟೆ ಹಾರುತ್ತದೆ, ಅಷ್ಟೆ. ಅರ್ಧಕ್ಕಿಂತ ಹೆಚ್ಚು ಭಯ ಇದ್ದದ್ದು ಧ್ವನಿಯಲ್ಲಿ. ಪುಸ್ತಕಕ್ಕೆ ಧ್ವನಿಯೂ ಇಲ್ಲ, ಬೆಳಕೂ ಇಲ್ಲ. ಅಲ್ಲಿ ಭಯವನ್ನು ತಯಾರಿಸುವವರು ನೀವೇ. ನಮ್ಮ ಮನಸ್ಸು ಎಷ್ಟು ಸುಲಭವಾಗಿ ಇಲ್ಲದ್ದನ್ನು ಕಟ್ಟಿಕೊಳ್ಳಬಲ್ಲದು ಎಂಬ ಪಾಠ ಒಳ್ಳೆಯ ದೆವ್ವದ ಕಥೆಯಿಂದ ಸಿಗುತ್ತದೆ.

ಈ ಒಪ್ಪಂದ ಮುರಿದರೆ ಏನಾಗುತ್ತದೆ? 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತ್ತು. ರಾತ್ರಿ ದೆವ್ವವೊಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಇದೇ ಒಂದು ಕಥೆಯಾಗಿದ್ದರೆ ಓದಿ, ಬೆಚ್ಚಿ, ಮುಚ್ಚಿಡುತ್ತಿದ್ದೆವು. ಸುದ್ದಿಯ ವೇಷದಲ್ಲಿ ಬಂದದ್ದರಿಂದ ಅದನ್ನು ಮುಚ್ಚಿಡಲು ಆಗಲಿಲ್ಲ. ಇಂದು ಅಂತಹ ಮಾತು ಗೋಡೆಯ ಮೇಲಿನ ಬರಹಕ್ಕಾಗಿ ಕಾಯುವುದಿಲ್ಲ. ಮೊಬೈಲಿನಲ್ಲಿ ಅರ್ಧ ಗಂಟೆಯೊಳಗೆ ಊರನ್ನು ಸುತ್ತುತ್ತದೆ.

ಈಗ ಎರಡನೆಯ ಬೀರು. ಮೇರಿ ಯಾರ ಪುಸ್ತಕ ಓದಿದಳೋ ಆ ಹಂಫ್ರಿ ಡೇವಿಯ ಉಪನ್ಯಾಸಗಳನ್ನು 1812ರಲ್ಲಿ ಲಂಡನ್ನಿನಲ್ಲಿ ಒಬ್ಬ ಯುವಕ ಕೇಳಿದ. ಹೆಸರು ಮೈಕೆಲ್ ಫ್ಯಾರಡೆ. ತಂದೆ ಕಮ್ಮಾರ. ಶಾಲೆಯ ಓದು ಅಷ್ಟಕ್ಕಷ್ಟೆ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿಯುವ ಹುಡುಗನಾಗಿದ್ದ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬಾಕೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನವಿಜ್ಞಾನದ ಪುಸ್ತಕವೂ ಇತ್ತು. ಡೇವಿಯ ಉಪನ್ಯಾಸಗಳ ಟಿಪ್ಪಣಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಸಹಾಯಕನ ಕೆಲಸ ಸಿಕ್ಕಿತು. ವಿದ್ಯುತ್ ಜನರೇಟರಿಗೆ ಆಧಾರವಾದ ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದದ್ದು ಈತನೇ. ಡೇವಿಯನ್ನು ಓದಿದ ಒಬ್ಬಳು ಫ್ರಾಂಕೆನ್‌ಸ್ಟೈನ್ ಬರೆದಳು, ಕೇಳಿದ ಒಬ್ಬ ಫ್ಯಾರಡೆಯಾದ. ಬೀರುಗಳ ನಡುವೆ ಗೋಡೆಯಿಲ್ಲ ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಕ್ರಿಸ್‌ಮಸ್ ರಜೆಯಲ್ಲಿ ಹುಡುಗ ಹುಡುಗಿಯರಿಗಾಗಿ ಫ್ಯಾರಡೆ ಉಪನ್ಯಾಸ ಕೊಡುತ್ತಿದ್ದ. ಮೇಣದ ಬತ್ತಿಯ ಬಗ್ಗೆ ನೀಡಿದ ಆರು ಉಪನ್ಯಾಸಗಳು 1861ರಲ್ಲಿ ‘ಮೇಣದ ಬತ್ತಿಯ ರಾಸಾಯನಿಕ ಚರಿತ್ರೆ’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾದವು. ಒಂದು ಬತ್ತಿಯಿಂದ ಹೊರಟು ನೀರು, ಜಲಜನಕ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ಗಳ ಮೂಲಕ ಸಾಗಿ, ಕೊನೆಗೆ ನಮ್ಮ ಉಸಿರಾಟವೂ ಬತ್ತಿಯ ಉರಿಯಂಥದ್ದೇ ಎಂಬಲ್ಲಿಗೆ ಆತ ತಲುಪುತ್ತಾನೆ.

ಆ ಪುಸ್ತಕದ ಒಂದು ಪ್ರಯೋಗವನ್ನು ನೀವೂ ಮಾಡಬಹುದು. ಹಿರಿಯರೊಬ್ಬರು ಹತ್ತಿರದಲ್ಲಿರಲಿ. ಗಾಳಿಯಾಡದ ಕಡೆ ಮೇಣದ ಬತ್ತಿಯನ್ನು ಸ್ವಲ್ಪ ಹೊತ್ತು ಉರಿಸಿ, ಮೆಲ್ಲಗೆ ಆರಿಸಿ. ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ತಕ್ಷಣ ಉರಿಯುವ ಕಡ್ಡಿಯನ್ನು ಬತ್ತಿಗೆ ತಾಗಿಸದೆ, ಎರಡು ಮೂರು ಅಂಗುಲ ಮೇಲೆ ಆ ಎಳೆಗೆ ಹಿಡಿಯಿರಿ. ಬೆಂಕಿ ಎಳೆಯ ಗುಂಟ ಓಡಿಬಂದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ನೋಡಲು ಮಾಟದಂತಿದೆ. ಕಾರಣ ಸರಳ: ಆ ಬಿಳಿ ಎಳೆ ಇನ್ನೂ ಉರಿಯದ ಮೇಣದ ಆವಿ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ. ವಿಜ್ಞಾನದ ಪುಸ್ತಕ ಕೇಳುವ ನಂಬಿಕೆ ಈ ಬಗೆಯದು. ನಂಬಬೇಡ, ಮಾಡಿ ನೋಡು ಎನ್ನುತ್ತದೆ.

ಫ್ಯಾರಡೆ ಇದೇ ಕ್ರಮವನ್ನು ದೆವ್ವಗಳಿಗೂ ಅನ್ವಯಿಸಿದ್ದುಂಟು. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹರಡಿತ್ತು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಕೈಯಿಡುವುದು. ಮೇಜು ತಾನಾಗಿ ಸರಿಯುವುದು. ಆತ್ಮಗಳು ಬಂದವೆಂದು ಜನ ಹೇಳುವುದು. ಫ್ಯಾರಡೆ ಎರಡು ಹಲಗೆಗಳ ನಡುವೆ ಉರುಳೆಗಳನ್ನಿಟ್ಟು ಮೇಜಿನ ಮೇಲಿಟ್ಟ. ಮೇಲಿನ ಹಲಗೆ ಒಂದಿಷ್ಟು ಸರಿದರೂ ತೋರಿಸುವ ಕಡ್ಡಿಯೊಂದನ್ನು ಜೋಡಿಸಿದ. ಮೇಜು ಮೊದಲು ಸರಿದರೆ ಕಡ್ಡಿ ಒಂದು ಕಡೆ, ಕೈ ಮೊದಲು ತಳ್ಳಿದರೆ ಇನ್ನೊಂದು ಕಡೆ ವಾಲುತ್ತದೆ. ತಳ್ಳುತ್ತಿದ್ದದ್ದು ಕೈಗಳೇ ಎಂದು ಕಡ್ಡಿ ತೋರಿಸಿತು. ಕುಳಿತವರಿಗೆ ಕಡ್ಡಿ ಕಾಣುವಂತೆ ಇಟ್ಟಾಗ ಮೇಜಿನ ಓಡಾಟವೇ ನಿಂತುಹೋಯಿತು! ಅವರು ಮೋಸಗಾರರೆಂದು ಫ್ಯಾರಡೆ ಹೇಳಲಿಲ್ಲ. ತಮಗೇ ಅರಿವಿಲ್ಲದಂತೆ ತಳ್ಳುತ್ತಿದ್ದರು ಎಂದ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಫ್ಯಾರಡೆಯ ಮೇಣದ ಬತ್ತಿಯ ಉಪನ್ಯಾಸಗಳನ್ನು ಸಂಪಾದಿಸಿದವನು ವಿಲಿಯಂ ಕ್ರೂಕ್ಸ್. ಥ್ಯಾಲಿಯಂ ಧಾತುವನ್ನು ಕಂಡುಹಿಡಿದವನು, ಮುಂದೆ ರಾಯಲ್ ಸೊಸೈಟಿಯ ಅಧ್ಯಕ್ಷನಾದವನು. ಅಂಥವನೇ 1870ರ ದಶಕದಲ್ಲಿ ಆತ್ಮಗಳನ್ನು ಕರೆಯುತ್ತೇವೆ ಎನ್ನುವವರ ಕೂಟಗಳನ್ನು ಪರೀಕ್ಷಿಸಲು ಹೋಗಿ, ಅಲ್ಲಿ ಕಂಡದ್ದು ನಿಜವೆಂದು ಬರೆದ. ಇತರ ವಿಜ್ಞಾನಿಗಳು ಒಪ್ಪಲಿಲ್ಲ. ಇದರಿಂದ ತಿಳಿಯುವುದೇನು? ವಿಜ್ಞಾನಿಯ ಹೆಸರು ಬೇರೆ, ವಿಜ್ಞಾನ ಬೇರೆ. ನಾವು ಪುರಾವೆಯನ್ನು ನೋಡಬೇಕು, ಪದವಿಯನ್ನಲ್ಲ.

ಇನ್ನು ಮೂರನೆಯ ಬೀರು: ನೆನಪಿನ ಪುಸ್ತಕಗಳು. ಆತ್ಮಕಥೆ ಹೇಳುವುದು ಇಷ್ಟು: ನಾನು ಅಲ್ಲಿದ್ದೆ, ನಾನು ಕಂಡೆ, ನನ್ನನ್ನು ನಂಬು. ಈ ಮಾತನ್ನು ಅಲ್ಲಗಳೆಯುವುದು ಸಲ್ಲದು. ಹಾಗೆಂದು ಪೂರ್ತಿ ಒಪ್ಪಿಬಿಡುವುದೂ ಸಲ್ಲದು.

ಮೇರಿ ಶೆಲ್ಲಿ 1831ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಕಥೆ ತನಗೆ ಹೊಳೆದ ರಾತ್ರಿಯನ್ನು ವಿವರಿಸಿದ್ದಾಳೆ. ಕಿಟಕಿಯ ಮುಚ್ಚಿದ ಬಾಗಿಲುಗಳ ಸಂದಿನಿಂದ ಬೆಳದಿಂಗಳು ಬರುತ್ತಿತ್ತಂತೆ. ಘಟನೆ ನಡೆದು ಹದಿನೈದು ವರ್ಷವಾಗಿತ್ತು. ಇದು ಕಟ್ಟುಕಥೆ ಎಂದು ಕೆಲವು ವಿದ್ವಾಂಸರು ಸಂದೇಹಪಟ್ಟರು. ಅಮೆರಿಕದ ಟೆಕ್ಸಾಸಿನ ಖಗೋಳವಿಜ್ಞಾನಿ ಡೊನಾಲ್ಡ್ ಓಲ್ಸನ್ ಮತ್ತು ಸಂಗಡಿಗರು ಜಿನೀವಾಕ್ಕೆ ಹೋಗಿ, ಮನೆಯ ಹಿಂದಿನ ಗುಡ್ಡದ ಎತ್ತರ ಮತ್ತು ಚಂದ್ರನ ಸ್ಥಾನವನ್ನು ಲೆಕ್ಕಹಾಕಿದರು. 1816ರ ಜೂನ್ 16ರ ಬೆಳಗಿನ ಜಾವ ಎರಡು ಗಂಟೆಯ ಹೊತ್ತಿಗೆ ಬೆಳದಿಂಗಳು ಆ ಕಿಟಕಿಗೆ ಬೀಳುತ್ತಿತ್ತು ಎಂದು 2011ರಲ್ಲಿ ಪ್ರಕಟಿಸಿದರು. ಆಕೆಯ ನೆನಪಿಗೆ ಚಂದ್ರನೇ ಸಾಕ್ಷಿಯಾದ.

ಎಲ್ಲ ನೆನಪುಗಳಿಗೂ ಇಂಥ ಅದೃಷ್ಟವಿಲ್ಲ. ಡಿ.ಎನ್.ಎ. ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೇಮ್ಸ್ ವಾಟ್ಸನ್ 1968ರಲ್ಲಿ ‘ದಿ ಡಬಲ್ ಹೆಲಿಕ್ಸ್’ ಪ್ರಕಟಿಸಿದ. ಪತ್ತೇದಾರಿ ಕಾದಂಬರಿಯಂತೆ ಓದಿಸಿಕೊಳ್ಳುವ ಪುಸ್ತಕ. ಆದರೆ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯನ್ನು ಅದರಲ್ಲಿ ಸಿಡುಕಿನ, ಹಟಮಾರಿ ಹೆಂಗಸಿನಂತೆ ಚಿತ್ರಿಸಲಾಗಿದೆ. ಆಕೆಯ ಪ್ರಯೋಗಾಲಯದ ಎಕ್ಸ್-ರೇ ಚಿತ್ರವನ್ನು ವಾಟ್ಸನ್ ಆಕೆಗೆ ತಿಳಿಯದಂತೆ ನೋಡಿದ್ದ ಸಂಗತಿಯೂ ಅದೇ ಪುಸ್ತಕದಲ್ಲಿದೆ. ಉತ್ತರ ಕೊಡಲು ಆಕೆ ಇರಲಿಲ್ಲ. 1958ರಲ್ಲಿ, 37ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ತನ್ನ ಮೊದಲ ಅಭಿಪ್ರಾಯಗಳು ಅನೇಕ ಸಲ ತಪ್ಪಾಗಿದ್ದವೆಂದು ವಾಟ್ಸನ್ ಪುಸ್ತಕದ ಕೊನೆಯಲ್ಲಿ ಒಪ್ಪಿಕೊಂಡಿದ್ದಾನೆ, ನಿಜ. ಆದರೂ ಓದುಗರ ಮನಸ್ಸಿನಲ್ಲಿ ನಿಂತದ್ದು ಮೊದಲ ಚಿತ್ರವೇ. 1975ರಲ್ಲಿ ಆಕೆಯ ಗೆಳತಿ ಆನ್ ಸೇಯ್ರ್ ಬರೆದ ಪುಸ್ತಕ ಆ ಚಿತ್ರವನ್ನು ಪ್ರಶ್ನಿಸಿತು. 1953ರ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದ ಇಬ್ಬರು ಇತಿಹಾಸಕಾರರು, ಆ ಸಂಶೋಧನೆಯಲ್ಲಿ ಫ್ರಾಂಕ್ಲಿನ್ ಸಮಪಾಲಿನವಳೆಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು. ಒಂದೇ ಪುಸ್ತಕ ಓದಿ ನಿಲ್ಲಿಸಿದವರು ಒಬ್ಬ ಶ್ರೇಷ್ಠ ವಿಜ್ಞಾನಿಗೆ ತಾವೂ ಅನ್ಯಾಯ ಮಾಡಿದಂತಾಗುತ್ತಿತ್ತು. ನೆನಪಿನ ಪುಸ್ತಕ ಓದಿದ ಮೇಲೆ ಇನ್ನೊಬ್ಬರ ನೆನಪನ್ನೂ ಕೇಳಬೇಕು.

ಇದೆಲ್ಲ ಪರದೇಶದ ಮಾತಾಯಿತು ಎನ್ನುವಿರಾ? ನಮ್ಮ ಶಿವರಾಮ ಕಾರಂತರನ್ನು ನೋಡಿ. ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲವನ್ನು ಕಾಣಬಲ್ಲ ಅಜ್ಜಿಯ ಕಥೆ ‘ಮೂಕಜ್ಜಿಯ ಕನಸುಗಳು’ ಅವರದು. ಸಂಪುಟ ಸಂಪುಟಗಳಾಗಿ ಬಂದ ‘ವಿಜ್ಞಾನ ಪ್ರಪಂಚ’ವೂ ಅವರದೇ. ತಮ್ಮ ಬದುಕನ್ನು ಹೇಳಿಕೊಂಡ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಸಹ ಅವರದೇ. ಮೂರು ಬೀರುಗಳಲ್ಲೂ ಒಬ್ಬರೇ! ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಫ್ಯಾರಡೆಯ ಮೇಜಿನ ಪ್ರಯೋಗದೊಂದಿಗೆ ಸೇರಿಸಿ ಓದಿದರೆ, ಒಂದೇ ಮನೋಧರ್ಮ ಎರಡು ದೇಶಗಳಲ್ಲಿ ಕೆಲಸ ಮಾಡಿದ್ದು ಕಾಣುತ್ತದೆ.

ಮಿತ್ರರೇ, ಪಠ್ಯಪುಸ್ತಕ ಮತ್ತು ಗೈಡುಗಳು ಪರೀಕ್ಷೆಗೆ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಉತ್ತರ ಸಿದ್ಧವಾಗಿರುವ ಪುಸ್ತಕದಲ್ಲಿ, ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಪ್ರಶ್ನೆ ಏಳುವುದು ಪರೀಕ್ಷೆ ಮುಗಿದ ಮೇಲಿನ ಬದುಕಿನಲ್ಲಿ: ಜಾಹೀರಾತಿನ ಮುಂದೆ, ಭಾಷಣದ ಮುಂದೆ, ಮೊಬೈಲಿಗೆ ಬಂದ ಸಂದೇಶದ ಮುಂದೆ. ಅಂದಿಗೆ ಬೇಕಾದ ಅಭ್ಯಾಸವನ್ನು ಇಂದೇ ಮಾಡಿಕೊಳ್ಳಬೇಕು.

ಬರುವ ರಜೆಯಲ್ಲಿ ಮೂರು ಬೀರುಗಳಿಂದ ಒಂದೊಂದು ಪುಸ್ತಕ ತೆಗೆದುಕೊಳ್ಳಿ. ಓದಿ ಮುಗಿದ ಮೇಲೆ ನೋಟ್ ಪುಸ್ತಕದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಕಥೆಯಾದರೆ, ಇದು ನನ್ನ ಯಾವ ಭಯವನ್ನು ಮುಟ್ಟಿತು? ವಿಜ್ಞಾನವಾದರೆ, ಇದರಲ್ಲಿ ನಾನೇ ಪರೀಕ್ಷಿಸಬಹುದಾದದ್ದು ಯಾವುದು? ಆತ್ಮಕಥೆಯಾದರೆ, ಇಲ್ಲಿ ಮಾತಾಡದೆ ಉಳಿದವರು ಯಾರು? ನಿಮ್ಮ ಗೆಳೆಯರೊಬ್ಬರೂ ಅದೇ ಪುಸ್ತಕಗಳನ್ನು ಓದಿದ್ದರೆ ಉತ್ತರಗಳನ್ನು ಹೋಲಿಸಿ ನೋಡಿ. ಭಿನ್ನವಾಗಿದ್ದರೆ ಇನ್ನೂ ಒಳ್ಳೆಯದು. ಚರ್ಚೆ ಅಲ್ಲಿಂದಲೇ ಆರಂಭವಾಗುತ್ತದೆ.